ಕೌಲಿಗೆ ಬೇಕಾದ ಬಿಸಿ ಕೈ

ನಮ್ಮೂರಿನ ಚಳಿಯನ್ನು ಘಟ್ಟದ ಮೇಲಿನವರು ಚಳಿ ಎಂದು ಒಪ್ಪುವುದೇ ಇಲ್ಲ. ನನ್ನ ಹೆಂಡತಿಯ ತವರು ಹೊಸನಗರದ ಕಡೆ. ಡಿಸೆಂಬರಿನಲ್ಲಿ ನಾನು ಮಫ್ಲರ್ ಸುತ್ತಿಕೊಂಡು ಹೊರಟರೆ ಅವಳು ಬಾಗಿಲಲ್ಲಿ ನಿಂತು ನಗುತ್ತಾಳೆ. ನಗಲಿ. ಬೆಳಕು ಹರಿಯುವ ಮುಂಚೆ ಒಮ್ಮೆ ಮರವಂತೆಯ ರಸ್ತೆಯಲ್ಲಿ ಬೈಕ್ ಓಡಿಸಿ ನೋಡಲಿ, ಆಮೇಲೆ ಮಾತಾಡೋಣ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ಅಡ್ಡಕ್ಕೆ ಬೀಸುವ ಮೂಡುಗಾಳಿ. ಮೈಗೆ ಜಾಕೆಟ್ ಉಂಟು, ತಲೆಗೆ ಹೆಲ್ಮೆಟ್ ಉಂಟು, ಕೈಗೆ ಮಾತ್ರ ಗತಿಯಿಲ್ಲ. ಹ್ಯಾಂಡಲ್ ಹಿಡಿದವನು ಕೈಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲವಲ್ಲ.

ನಾನು ಅಜಿತ್. ಕಿರಿಮಂಜೇಶ್ವರದಲ್ಲಿ ಹೆದ್ದಾರಿಯ ಬದಿಗೆ ನನ್ನ ಬೈಕ್ ಗ್ಯಾರೇಜು. ಅಜಿತನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಊರವರು ಹೇಳುತ್ತಾರೆ. "ಸುಮ್ನೆ ಒಂಚೂರ್ ಕಾಣಿ" ಎಂದು ಗಾಡಿ ತಂದು ನಿಲ್ಲಿಸಿ, ಇಡೀ ಇಂಜಿನ್ ಬಿಚ್ಚಿಸಿ, ಕಡೆಗೆ "ಇಷ್ಟೇಯಾ?" ಎಂದು ಕೇಳುವವರ ಜೊತೆ ದಿನವಿಡೀ ಇದ್ದರೆ ಅವರ ಮೂಗಿಗೂ ಸಿಟ್ಟು ಬಂದೀತು. ನಾನು ಕೈ ಒರೆಸಿಕೊಂಡು ಎದ್ದು ನಿಂತು ಮಾತಾಡಿಸುವ ಗಿರಾಕಿ ಒಬ್ಬಳೇ. ಅವಳು ಬಿಜೂರಿನ ಸುಗುಣಕ್ಕ.

ಸುಗುಣಕ್ಕನ ಉದ್ಯೋಗ ಬೇರೆಯವರ ಮನೆಯ ದನಗಳ ಹಾಲು ಕರೆಯುವುದು. ಈಗ ನಮ್ಮ ಕಡೆ ಹಟ್ಟಿಯಲ್ಲಿ ದನ ಇರುತ್ತದೆ, ಕರೆಯುವವರು ಇರುವುದಿಲ್ಲ. ಒಬ್ಬರಿಗೆ ಮೊಣಕಾಲು ಮಡಚುವುದಿಲ್ಲ, ಇನ್ನೊಬ್ಬರ ಸೊಸೆಗೆ ದನ ಬಾಲ ಎತ್ತಿದರೆ ಹೆದರಿಕೆ, ಮತ್ತೊಬ್ಬರಿಗೆ ಅಂಗಡಿ ಬಿಟ್ಟು ಏಳಲು ಪುರಸೊತ್ತಿಲ್ಲ. ಅಂಥ ಮನೆಗಳಿಗೆಲ್ಲ ಬೆಳಿಗ್ಗೆ ಮತ್ತು ಸಂಜೆ ಸುಗುಣಕ್ಕ ಬೈಕಿನಲ್ಲಿ ಹೋಗುತ್ತಾಳೆ. ಸ್ಕೂಟಿಯಲ್ಲ, ಗೇರು ಹಾಕುವ ಬೈಕು. ಅವಳ ಗಂಡ ಮಂಜ ಮುಂಬೈಯ ಕ್ಯಾಂಟೀನಿಗೆ ಹೋಗುವಾಗ ತನ್ನ ಸ್ಪ್ಲೆಂಡರನ್ನು ಟಾರ್ಪಾಲು ಹೊದಿಸಿ ಕೊಟ್ಟಿಗೆಯ ಬದಿಯಲ್ಲಿ ಇಟ್ಟು ಹೋಗಿದ್ದ. ಇವಳು ಟಾರ್ಪಾಲು ಕಿತ್ತು ಭತ್ತದ ರಾಶಿಗೆ ಹೊದಿಸಿದಳು, ಗಾಡಿಯನ್ನು ಕೊಯ್ಲಾದ ಗದ್ದೆಗೆ ಇಳಿಸಿ ಬಿದ್ದು ಎದ್ದು ಕಲಿತಳು. ಚೂಡಿದಾರದ ಮೇಲೆ ಗಂಡನ ಅಂಗಿ, ಹಿಂದೆ ಸೀಟಿಗೆ ಕಟ್ಟಿದ ತಂಬಿಗೆ.

ಒಮ್ಮೆ ನನ್ನ ಗ್ಯಾರೇಜಿನ ಮುಂದೆಯೇ ಒಬ್ಬ ಮಹಾಶಯ ಕೇಳಿದ, "ಹ್ವಾಯ್ ಸುಗುಣಕ್ಕ, ಹೆಂಗ್ಸರಿಗೆ ಸ್ಕೂಟಿ ಸಾಲ್ದಾ?"

"ಸಾಲ್ತಿತ್ತ್ ಮಾರಾಯ್ರೆ. ಸ್ಕೂಟಿ ತೆಗುಕೆ ನಿಮ್ಮನಿ ದನ ಒಂಚೂರ್ ಹೆಚ್ಚ್ ಹಾಲ್ ಕೊಡ್ಕಲೆ," ಎಂದು ಅವಳು ಕಿಕ್ ಹೊಡೆದು ಹೋದಳು. ಆ ಮಹಾಶಯನ ದನ ಹಾಲು ಬತ್ತಿಸಿ ಆಗಲೇ ಬಹಳ ದಿನವಾಗಿತ್ತು, ಊರಿಗೆಲ್ಲ ಗೊತ್ತಿದ್ದ ವಿಷಯ.

ಇಂಥವಳಿಗೆ ಕಳೆದ ಚಳಿಗಾಲದಲ್ಲಿ ಒಂದು ಸಂಕಟ ಬಂತು. ಅದು ಶುರುವಾದದ್ದು ಕೌಲಿಯಿಂದ.

ಕೌಲಿ ಅವಳದ್ದೇ ಹಟ್ಟಿಯಲ್ಲಿ ಹುಟ್ಟಿದ ಹೆಣ್ಣುಗರು. ನಸುಗಂದು ಮೈ, ಅದಕ್ಕೇ ಆ ಹೆಸರು. ಕೌಲಿಯ ತಾಯಿ, ತಂಗಿ ಇಬ್ಬರನ್ನೂ ಕಟ್ಟಿದ ಮೇಲೆ ಆ ಪುಟ್ಟ ಹಟ್ಟಿಯಲ್ಲಿ ಮೂರನೆಯದಕ್ಕೆ ಜಾಗವಿರಲಿಲ್ಲ. ಹೆಮ್ಮಾಡಿಯ ಪುಷ್ಪ ಎಂಬವರು ನೋಡಿ ಮೆಚ್ಚಿ ಗಬ್ಬದ ಹೊತ್ತಿಗೆ ಕೊಂಡುಹೋದರು. ಪುಷ್ಪಕ್ಕನ ಬಲಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿದೆ, ಕರೆಯಲು ಆಗುವುದಿಲ್ಲ. ಅವರ ಗಂಡ ಪ್ರೇಮಾನಂದರದ್ದು ದಿನಸಿ ಅಂಗಡಿ, ದನದ ಹತ್ತಿರ ಹೋದವರೇ ಅಲ್ಲ. ಕೊಳ್ಳುವಾಗ ಅವರು ಕೇಳಿದ್ದು ಒಂದೇ ಮಾತು, "ಒದೂದಿಲ್ಲೆ ಅಲ್ದಾ?"

"ಇದ್ ಒದು ಜಾತಿ ಅಲ್ಲ. ಕರ ಹಾಕಿದ್ ಮೇಲೆ ನಾನೇ ಬಂದ್ ಕರ್ದ್ ಕೊಡ್ತೆ, ಕಾಣಿ," ಎಂದು ಸುಗುಣಕ್ಕ ಮಾತು ಕೊಟ್ಟಿದ್ದಳು. ಅವಳ ಮಾತಿನ ಮೇಲೆ ಬೈಂದೂರಿನಿಂದ ಹೆಮ್ಮಾಡಿಯವರೆಗೆ ಜನ ಕಣ್ಣು ಮುಚ್ಚಿಕೊಂಡು ದನ ಕೊಳ್ಳುತ್ತಾರೆ.

ಕೌಲಿ ನವೆಂಬರಿನ ಕೊನೆಗೆ ಕರು ಹಾಕಿತು. ಹೆಮ್ಮಾಡಿಯ ಸೊಸೈಟಿಯಲ್ಲಿ ಹಾಲು ಬೇಗ ತೆಗೆದುಕೊಳ್ಳುವುದರಿಂದ ಸುಗುಣಕ್ಕ ಬೆಳಗಿನ ಜಾವ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಒಂದೊಂದೇ ಮನೆ ಮುಗಿಸುತ್ತ ಬಿಜೂರಿಗೆ ಹಿಂತಿರುಗಬೇಕು. ಚಳಿ ಬಲಿಯುವ ತನಕ ಎಲ್ಲ ಸರಿಯಿತ್ತು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಕರು ಕುಡಿಸಿ, ಕೌಲಿ ಸೊರೆ ಬಿಟ್ಟು ಕೆಚ್ಚಲಿಗೆ ಹಾಲು ಇಳಿಸಿದ ಮೇಲೆ, ಇವಳು ಕೂತು ಕೈ ಇಟ್ಟಳು. ಕೌಲಿ ಚಟ್ಟನೆ ಹಾಲು ಮೇಲಕ್ಕೆ ಎಳೆದುಕೊಂಡಿತು. ಇನ್ನೊಮ್ಮೆ ಕೈ ಇಟ್ಟದ್ದಕ್ಕೆ ಒದ್ದೇ ಬಿಟ್ಟಿತು. ತಂಬಿಗೆ ಉರುಳಿತು, ಸುಗುಣಕ್ಕ ಗೊಬ್ಬರದ ಮೇಲೆ ಕೂತಳು.

ಅವಳಿಗೆ ಪೆಟ್ಟಾದದ್ದು ಮೊಣಕಾಲಿಗೆ, ನೋವಾದದ್ದು ಬೇರೆ ಕಡೆ. ಹುಟ್ಟಿದ ದಿನ ಮೈ ಒರೆಸಿ ನಿಲ್ಲಿಸಿದ ಕೈಯನ್ನೇ ಅದು ಒದ್ದಿತ್ತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ವಿಚಿತ್ರವೆಂದರೆ ಸಂಜೆ ಹೋದರೆ ಕೌಲಿ ಕಲ್ಲಿನ ಬಸವನ ಹಾಗೆ ನಿಂತು ತಂಬಿಗೆ ತುಂಬ ಹಾಲು ಕೊಡುತ್ತಿತ್ತು.

"ಬೆಳಿಗ್ಗೆ ಅದ್ಕೆ ಗಾಳಿ ಸೋಕತ್ತ್," ಎಂದರು ಪ್ರೇಮಾನಂದ. ಹಟ್ಟಿಯ ಬಾಗಿಲಿಗೆ ಒಂದು ತೆಂಗಿನಕಾಯಿ ಒಡೆಸಿದರು, ಕೌಲಿಯ ಕುತ್ತಿಗೆಗೆ ಕಪ್ಪು ದಾರ ಕಟ್ಟಿಸಿದರು.

"ಗಾಳಿ ಸೋಕಿದ್ದ್ ಹೌದ್. ದನಕ್ಕಲ್ಲ, ನನ್ನ ಕೈಗೆ," ಎಂದಳು ಸುಗುಣಕ್ಕ.

ಅವಳ ಬೆರಳುಗಳು ಹುಟ್ಟಿನಿಂದಲೇ ಹಾಗೆ, ತಣ್ಣನೆ ಗಾಳಿ ಬಡಿದರೆ ಬೆಳ್ಳಗೆ ಸುಣ್ಣವಾಗಿ ಮರಗಟ್ಟುತ್ತವೆ. ಬಿಜೂರಿನ ಆಚೀಚೆ ಮನೆಗಳಿಗೆ ಹೋಗುವಷ್ಟು ದಿನ ಅದು ತೊಂದರೆ ಕೊಟ್ಟಿರಲಿಲ್ಲ. ಈಗ ಮರವಂತೆ, ತ್ರಾಸಿ ದಾಟಿ ಹೆಮ್ಮಾಡಿ ಮುಟ್ಟುವಾಗ ಬೆರಳು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಅಂಥ ಕೈ ಕೆಚ್ಚಲಿಗೆ ತಾಗಿದರೆ ಚೊಚ್ಚಲ ದನ ಒದೆಯದೆ ಮುತ್ತು ಕೊಡುತ್ತದೆಯೇ? ಪುಷ್ಪಕ್ಕ ಬಿಸಿನೀರು ಕೊಟ್ಟರು. ನೀರಿನಲ್ಲಿದ್ದಷ್ಟು ಹೊತ್ತು ಚರ್ಮ ಬಿಸಿ, ತೆಗೆದ ಕೂಡಲೇ ಮತ್ತೆ ತಣ್ಣಗೆ, ಬೆರಳಿನ ಒಳಗೆ ಸೂಜಿ ಚುಚ್ಚಿದ ಹಾಗೆ ನೋವು. ಒಲೆಯ ಮುಂದೆ ಕೂತು ನಿಧಾನಕ್ಕೆ ಕಾಸಿಕೊಳ್ಳೋಣವೆಂದರೆ ಸೊಸೈಟಿಯ ಹೊತ್ತು ಮೀರುತ್ತದೆ, ಮುಂದಿನ ಮನೆಗಳವರೆಲ್ಲ ಕಾದು ಕೂರುತ್ತಾರೆ.

ಆಗ ಸುಗುಣಕ್ಕ ತನ್ನ ಬುದ್ಧಿ ಓಡಿಸಿದಳು. ತೆಂಗಿನೆಣ್ಣೆ ಬಿಸಿ ಮಾಡಿ ಕರ್ಪೂರ ಕರಗಿಸಿದಳು, ಬಾಣಂತಿಯರ ಸೊಂಟಕ್ಕೆ ಹಚ್ಚುತ್ತಾರಲ್ಲ, ಹಾಗೆ. ಮನೆಯಲ್ಲೇ ಅಂಗೈಗೆ ಬೆರಳಿಗೆ ಚೆನ್ನಾಗಿ ತಿಕ್ಕಿಕೊಂಡು ಹೊರಟಳು. ಕೈ ಮರವಂತೆ ದಾಟುವ ತನಕ ಉರಿಉರಿಯಾಗಿ ಬೆಚ್ಚಗಿತ್ತಂತೆ. ಹೆಮ್ಮಾಡಿಯಲ್ಲಿ ಕೈ ತೊಳೆದಳು, ಆದರೆ ಎಣ್ಣೆ ನೀರಿಗೆ ಹೋಗುತ್ತದೆಯೇ? ಕೌಲಿ ಮೂಸಿ ನೋಡಿ ಕಣ್ಣು ಬಿಟ್ಟಿತು, ಕೆಚ್ಚಲು ಉರಿದದ್ದಕ್ಕೆ ಕುಣಿದಾಡಿತು. ಕರು ಬಾಯಿ ಹಾಕಿ ಥೂ ಎಂದು ಹಿಂದೆ ಸರಿಯಿತು. ಹೇಗೋ ಕರೆದ ಒಂದಿಷ್ಟು ಹಾಲನ್ನು ಸೊಸೈಟಿಗೆ ಕೊಟ್ಟರೆ ಅಲ್ಲಿನ ರತನ್ ಮೂಗು ಹತ್ತಿರ ತಂದು, "ಎಂತ ಸುಗುಣಕ್ಕ, ಹಾಲಿಗೆ ಮಂಗಳಾರತಿ ಮಾಡಿ ತಂದ್ರ್ಯಾ?" ಎಂದು ಹಿಂದಕ್ಕೆ ಕೊಟ್ಟ. ಈ ಮಾತು ನಾವುಂದ, ಕಿರಿಮಂಜೇಶ್ವರ ದಾಟಿ ಬಿಜೂರು ಮುಟ್ಟಲು ಸುಗುಣಕ್ಕನ ಬೈಕಿಗಿಂತ ಕಡಿಮೆ ಹೊತ್ತು ಸಾಕಾಯಿತು.

ಪ್ರೇಮಾನಂದರ ತಾಳ್ಮೆ ಅಲ್ಲಿಗೆ ಮುಗಿಯಿತು. ದನದ ವ್ಯಾಪಾರದ ಶೀನನಿಗೆ ಫೋನು ಮಾಡಿ ಭಾನುವಾರ ಬೆಳಿಗ್ಗೆ ಪಿಕಪ್ ತರಲು ಹೇಳಿದರು. ಒದೆಯುವ ದನ ಎಂಬ ಹೆಸರು ಬಿದ್ದ ದನದ ಪಾಡು ನಮ್ಮ ಕಡೆಯವರಿಗೆ ಗೊತ್ತು. ಅದು ಒಂದು ಹಟ್ಟಿಯಲ್ಲಿ ನಿಲ್ಲುವುದಿಲ್ಲ, ಕೈಯಿಂದ ಕೈಗೆ ಹೋಗುತ್ತ ಹೋಗುತ್ತ ಕಡೆಗೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಸುಗುಣಕ್ಕನಿಗೆ ಅಂದು ಸಂಜೆ ಪುಷ್ಪಕ್ಕ ಗುಟ್ಟಾಗಿ ವಿಷಯ ಹೇಳಿದರು.

ಅಲ್ಲಿಂದ ಅವಳು ನೇರ ಬಂದದ್ದು ನನ್ನ ಗ್ಯಾರೇಜಿಗೆ. ಗಾಡಿ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಗಿರಾಕಿಗಳಿಗಿಟ್ಟ ಸ್ಟೂಲಿನ ಮೇಲೆ ಕೂತಳು. ಕಣ್ಣು ಕೆಂಪಗಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ಅಜಿತ, ನಂಗೆ ಬಿಸಿ ಕೈ ಬೇಕ್. ಹೆಮ್ಮಾಡಿ ಮುಟ್ಟುವಾಗ, ಮನಿಯಿಂದ ಹೊರ್ಟಪ್ಪಗ ಇದ್ದಷ್ಟೇ ಬಿಸಿ. ಭಾನ್ವಾರದ ಒಳ್ಗೆ."

"ಗ್ಲೌಸ್ ಹಾಕ್ಕಣಿ," ಎಂದೆ ನಾನು.

"ಹಾಕಿ ಆಯ್ತ್. ತೆಳು ಹಾಕ್ರೆ ಗಾಳಿ ಹೊಕ್ಕತ್ತ್, ದಪ್ಪ ಹಾಕ್ರೆ ಕ್ಲಚ್ ಎಲ್ಲಿತ್ತ್ ಅಂದೇಳಿ ಗೊತ್ತಾತಿಲ್ಲೆ."

ಸರಿ, ಇದು ನನ್ನ ಇಲಾಖೆ ಎಂದು ನನಗೆ ಉತ್ಸಾಹ ಬಂತು. ಕೈಯನ್ನು ಮುಚ್ಚಬಾರದು, ಹ್ಯಾಂಡಲನ್ನು ಮುಚ್ಚಬೇಕು. ಹ್ಯಾಂಡಲಿಗೇ ಒಂದು ಗೂಡು ಕಟ್ಟಿದರೆ ಕೈ ಅದರೊಳಗೆ ಬರಿದಾಗಿ ಇರುತ್ತದೆ, ಕ್ಲಚ್ಚು ಬ್ರೇಕು ಬೆರಳಿಗೆ ಸಿಗುತ್ತದೆ, ಗಾಳಿ ಹೊರಗೇ ಸಾಯುತ್ತದೆ. ಖಾಲಿ ಆಯಿಲ್ ಕ್ಯಾನ್ ಎರಡು ತಂದು ಕತ್ತರಿಸಿ, ಇನ್ನೇನು ಬೋಲ್ಟ್ ಹಾಕಬೇಕು ಎನ್ನುವಾಗ ಸುಗುಣಕ್ಕ ಅದನ್ನು ಎತ್ತಿ ಮೂಸಿದಳು.

"ಇದ್ರ ವಾಸ್ನಿಗೆ ನಂಗೇ ಒದುವ ಮನ್ಸ್ ಆತ್ತ್. ಕರ್ಪೂರದ್ ಕತಿ ಮತ್ತೆ ಬ್ಯಾಡ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. "ಹಾಂಗಾರೆ ಮಲ್ಲಿಗಿ ಹೂಗಿನಂಗೆ ಮಾಡಿ ಕೊಡ್ಕಾ?" ಎಂದೆ. ಅವಳು ಗಾಡಿ ಹತ್ತಿ ಹೊರಟು, ಮರುದಿನ ಎರಡು ಅಗಲವಾದ ಅಡಿಕೆ ಹಾಳೆ ತಂದಳು. ಅಡಿಕೆ ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆ, ಕೂಲಿಯವರು ತಲೆಗೆ ಟೋಪಿ ಮಾಡಿಕೊಳ್ಳುವುದು ಇದರಲ್ಲೇ. ನೀರಿನಲ್ಲಿ ನೆನೆಸಿದರೆ ಚರ್ಮದ ಹಾಗೆ ಬಗ್ಗುತ್ತದೆ, ಒಣಗಿದರೆ ತಗಡು. ಅದಕ್ಕೆ ವಾಸನೆಯೆಂಬುದೇ ಇಲ್ಲ. ನಾನು ಹ್ಯಾಂಡಲಿನ ಸುತ್ತ ಬಗ್ಗಿಸಿ, ಕನ್ನಡಿಯ ಸರಳಿಗೂ ಲಿವರಿನ ಬುಡಕ್ಕೂ ಬಿಗಿದು, ಹಿಂದಿನಿಂದ ಕೈ ಹೋಗುವಷ್ಟು ಬಾಯಿ ಬಿಟ್ಟೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಕಂಪನಿಯವರು ನೋಡಿದರೆ ನಾಚಿಕೊಳ್ಳಬೇಕು, ಅಂಥ ಕೆಲಸ.

"ಒಳ್ಗೆ ಹಾಸುಕೆ ಇದ್," ಎಂದು ಸುಗುಣಕ್ಕ ಚೀಲದಿಂದ ಒಂದು ತುಂಡು ಹಳೆ ಕಂಬಳಿ ಎಳೆದಳು. ಕೌಲಿಯ ಕರು ಮಲಗುವ ಕಂಬಳಿ, ಪುಷ್ಪಕ್ಕನಿಂದ ಕೇಳಿ ತಂದದ್ದು. ಬಿಸಿಲಿಗೆ ಒಣಗಿಸಿ ಕೊಡವಿದ್ದಳು, ಅಷ್ಟೇ. ಗ್ಯಾರೇಜು ತುಂಬ ಕರುವಿನ ಮೈವಾಸನೆ.

"ಥೋ, ಸೋಪ್ ಹಾಕಿ ತೊಳ್ದ್ ತನ್ನಿ ಮೊದ್ಲ್!"

"ತೊಳ್ದ್ರೆ ಕಂಬ್ಳಿ ಉಳಿತ್ತ್, ಕರ ಹೋತ್ತ್. ನಂಗೆ ಬೇಕಾದ್ದ್ ಕರ. ಹೊಲಿ ನೀನ್."

ಆಗ ನನಗೆ ಅರ್ಥವಾಯಿತು. ಕರ್ಪೂರ ಕಲಿಸಿದ ಪಾಠವನ್ನು ಅವಳು ತಿರುಗಿಸಿ ಹಿಡಿದಿದ್ದಳು. ವಾಸನೆ ಕೆಡಿಸುವುದಾದರೆ ವಾಸನೆಯೇ ಕೂಡಿಸಲಿ. ಮೂಗು ಮುಚ್ಚಿಕೊಂಡು ಹಾಳೆಯ ಒಳಗೆ ಕಂಬಳಿ ಹೊಲಿದೆ. ಎರಡು ದಿನ ನನ್ನ ಹೆಂಡತಿ ನನ್ನ ಅಂಗಿಯನ್ನು ಬೇರೆ ಬಕೆಟಿನಲ್ಲಿ ನೆನೆಸಿದಳು.

ಭಾನುವಾರ ಬೆಳಿಗ್ಗೆ ನಾನೂ ನನ್ನ ಬೈಕಿನಲ್ಲಿ ಅವಳ ಹಿಂದೆ ಹೊರಟೆ. ನಾನು ಮಾಡಿದ ಕೆಲಸ ಪರೀಕ್ಷೆಗೆ ಕೂತಾಗ ಮನೆಯಲ್ಲಿ ಮಲಗುವವನು ನಾನಲ್ಲ. ಮರವಂತೆಯಲ್ಲಿ ಗಾಳಿ ಬರೆ ಎಳೆದ ಹಾಗೆ ಬಡಿಯಿತು. ನನ್ನ ಬೆರಳು ನನ್ನದಲ್ಲ ಎನಿಸಿತು. ಮುಂದೆ ಸುಗುಣಕ್ಕ ಎರಡು ಕೈಯನ್ನೂ ಹಾಳೆಯ ಗೂಡಿನೊಳಗೆ ತೂರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಹೊಳೆ ಕಡಲು ಎರಡೂ ತನ್ನದೇ ಎಂಬ ಹಾಗೆ ಹೋಗುತ್ತಿದ್ದಳು.

ಹೆಮ್ಮಾಡಿ ಮುಟ್ಟುವಾಗ ಅಂಗಳದಲ್ಲಿ ಶೀನನ ಪಿಕಪ್ ಆಗಲೇ ನಿಂತಿತ್ತು. ಹಿಂದಿನ ಬಾಗಿಲು ತೆಗೆದು ಹುಲ್ಲು ಹಾಸಿಯೂ ಆಗಿತ್ತು. ಪ್ರೇಮಾನಂದ ಶಾಲು ಹೊದ್ದು ಜಗಲಿಯಲ್ಲಿ ನಿಂತಿದ್ದರು. ಪುಷ್ಪಕ್ಕ ಹಟ್ಟಿಯ ಕಂಬ ಹಿಡಿದುಕೊಂಡು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಕೊನಿಗೊಂದ್ ಸಲ ಕರಿತೆ," ಎಂದಳು ಸುಗುಣಕ್ಕ. ಯಾರ ಅಪ್ಪಣೆಗೂ ಕಾಯಲಿಲ್ಲ. ಗೂಡಿನಿಂದ ಕೈ ತೆಗೆದು ನೇರ ಕೌಲಿಯ ಮೂಗಿನ ಮುಂದೆ ಹಿಡಿದಳು. ಕೌಲಿ ಮೂಸಿತು. ಇನ್ನೊಮ್ಮೆ ಮೂಸಿತು. ಒರಟು ನಾಲಿಗೆಯಿಂದ ಅವಳ ಅಂಗೈ ನೆಕ್ಕತೊಡಗಿತು, ಕರುವನ್ನು ನೆಕ್ಕುವ ಹಾಗೆಯೇ. ಕರು ಬಿಡುವ ಮೊದಲೇ ಕೆಚ್ಚಲು ತುಂಬಿಕೊಂಡು ಬಂದದ್ದು ನನ್ನಂಥ ಮೆಕ್ಯಾನಿಕ್ಕಿನ ಕಣ್ಣಿಗೂ ಕಂಡಿತು. ಕರು ಒಂದಷ್ಟು ಕುಡಿದ ಮೇಲೆ ಸುಗುಣಕ್ಕ ಕೆಚ್ಚಲನ್ನೂ ಕೈಯನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಕೂತಳು. ಬೆರಳುಗಳು ಕೆಂಪಗೆ, ಮೆತ್ತಗೆ ಇದ್ದವು, ಹೇಳಿದ ಹಾಗೆ ಕೇಳುತ್ತಿದ್ದವು. ತಂಬಿಗೆಯಲ್ಲಿ ಹಾಲಿನ ಸದ್ದು ಶುರುವಾಯಿತು. ಕೌಲಿ ಬಾಲವನ್ನೂ ಅಲ್ಲಾಡಿಸಲಿಲ್ಲ.

ನನಗೆ ಚಪ್ಪಾಳೆ ತಟ್ಟಬೇಕು ಎನಿಸಿತು. ಎಲ್ಲ ಮುಗಿಯಿತು, ಗೆದ್ದೆವು ಎಂದುಕೊಂಡೆ. ಆದರೆ ಶೀನ ವ್ಯಾಪಾರದವನು. ಬಗ್ಗಿ ಕೆಚ್ಚಲು ನೋಡಿದ, ನೊರೆ ನೋಡಿದ, ಹೊರಗೆ ಹೋಗಿ ಪ್ರೇಮಾನಂದರ ಪಕ್ಕ ನಿಂತ.

"ಒದುದಿಲ್ಲೆ ಅಂದ್ರೆ ಬೇರೆ ಲೆಕ್ಕ ಮಾರಾಯ್ರೆ. ಫೋನಲ್ಲಿ ಹೇಳಿದ್ದಕ್ಕಿಂತ ಒಳ್ಳೆ ಕ್ರಯ ಕೊಡ್ತೆ. ಈಗ್ಲೇ ಏರ್ಸುವ."

ಪ್ರೇಮಾನಂದರು ಇಲ್ಲ ಎನ್ನಲಿಲ್ಲ. ಗಲ್ಲ ಕೆರೆದುಕೊಂಡರು. ಅಂಗಡಿಯವರು ಗಲ್ಲ ಕೆರೆದುಕೊಂಡರೆ ಅದು ಮುಕ್ಕಾಲು ಒಪ್ಪಿಗೆ. ಕೌಲಿ ಕೆಟ್ಟ ದನ ಎಂದು ಹೋಗುತ್ತಿತ್ತು, ನಾವು ಕಷ್ಟಪಟ್ಟು ಒಳ್ಳೆಯ ದನ ಮಾಡಿ ಕಳಿಸುತ್ತಿದ್ದೆವು. ಪುಷ್ಪಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸುಗುಣಕ್ಕ ಕೂತಲ್ಲಿಂದ ಏಳಲಿಲ್ಲ. ಕರೆಯುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

"ಪ್ರೇಮಾನಂದಣ್ಣ, ಈಚಿ ಬದಿ ನಾನ್ ಕರ್ದೆ. ಆಚಿ ಬದಿ ನಿಮ್ಗ್ ಬಿಟ್ಟಿದೆ. ಬನ್ನಿ."

"ನಂಗಾ? ನಂಗೆ ಬತ್ತಿಲ್ಲೆ."

"ನಿಮ್ಮ ದನ. ಮಾರುದಾರೆ ಮಾರಿ, ನಾನ್ ಬ್ಯಾಡ ಅಂಬುದಿಲ್ಲೆ. ಒಂದ್ ಸಲ ಮುಟ್ಟಿ ಮಾರಿ. ಮೊದ್ಲ್ ಕೈ ಬಿಸಿ ಮಾಡ್ಕಂಡ್ ಬನ್ನಿ, ಬೈಕ್ ಅಲ್ಲಿತ್ತ್."

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಸೊಸೆಗೆ ಅತ್ತೆ ಕೆಲಸ ಹೇಳುವ ದನಿ. ಪ್ರೇಮಾನಂದರು ಶೀನನ ಮುಖ ನೋಡಿದರು, ನನ್ನ ಮುಖ ನೋಡಿದರು, ಅಂಗಳಕ್ಕೆ ಇಳಿದು ಸ್ಟ್ಯಾಂಡ್ ಹಾಕಿದ ಬೈಕಿನ ಪಕ್ಕ ನಿಂತು ಎರಡು ಕೈಯನ್ನೂ ಹಾಳೆಯ ಗೂಡಿಗೆ ತೂರಿಸಿದರು. ಶಾಲು ಹೊದ್ದ ದೊಡ್ಡ ಮನುಷ್ಯ ಎಲ್ಲಿಗೂ ಹೋಗದ ಬೈಕಿನ ಹ್ಯಾಂಡಲ್ ಹಿಡಿದು ನಿಂತದ್ದು ನೋಡಿ ಪುಷ್ಪಕ್ಕನಿಗೆ ಅಳುವಿನ ನಡುವೆ ನಗು ಬಂತು. ಅವರು ಮಾತ್ರ ನಗಲಿಲ್ಲ. "ಬೆಚ್ಚಗಿತ್ತ್ ಮಾರಾಯ," ಎಂದರು ನನಗೆ, ಆಶ್ಚರ್ಯದಿಂದ.

ಬಂದು ಕೈಯನ್ನು ಕೌಲಿಯ ಮೂಗಿಗೆ ಹಿಡಿದರು. ಹೆದರಿ ಅರ್ಧ ಹಿಂದಕ್ಕೆ ಎಳೆದುಕೊಂಡರು, ಕೌಲಿಯೇ ಕುತ್ತಿಗೆ ಚಾಚಿ ನೆಕ್ಕಿತು. ಕೈ ತೊಳೆದು ಸುಗುಣಕ್ಕ ತೋರಿಸಿದ ಹಾಗೆ ಕುಕ್ಕರುಗಾಲಿನಲ್ಲಿ ಕೂತರು. ಮೊದಲು ಏನೂ ಬರಲಿಲ್ಲ. "ಎಳೂದಲ್ಲ, ಮೇಲಿಂದ ಒತ್ತ್ಕಂಡ್ ಬನ್ನಿ," ಎಂದಳು ಸುಗುಣಕ್ಕ. ಎರಡನೆಯ ಸಲಕ್ಕೆ ಒಂದು ಎಳೆ ಅವರ ಪಂಚೆಗೆ ಹಾರಿತು. ಆಮೇಲಿನದು ತಂಬಿಗೆಗೆ ಬಿತ್ತು, ಅದರ ಹಿಂದೆ ಇನ್ನೊಂದು.

ಪ್ರೇಮಾನಂದರು ಉಸಿರು ಬಿಗಿಹಿಡಿದು ಕರೆಯುತ್ತಿದ್ದರು. ಹಣೆ ಕೌಲಿಯ ಹೊಟ್ಟೆಗೆ ತಾಗಿತ್ತು, ಅದು ಅವರಿಗೆ ಗೊತ್ತೂ ಇರಲಿಲ್ಲ. ಸುಗುಣಕ್ಕ ಗೋಡೆಗೆ ಒರಗಿ ನಿಂತು, ತನ್ನ ಗಂಡನ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ದಿನ ಗಟ್ಟಿಯಾಗಿದ್ದವಳು ಅತ್ತದ್ದನ್ನು ನಾನು ಕಂಡದ್ದು ಆಗಲೇ.

ಶೀನ ಬಾಗಿಲಿಗೆ ಬಂದು ಕೀಲಿಗೊಂಚಲು ಆಡಿಸಿದ. "ಹಾಂಗಾರೆ ಎಂತ ಮಾಡುವ ಪ್ರೇಮಾನಂದಣ್ಣ? ಏರ್ಸುವನಾ?"

ಅವರು ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಗಾಡಿ ಹಿಂದ್ ತೆಗಿ ಶೀನ," ಎಂದರು ಮೆಲ್ಲಗೆ. "ಹಾರ್ನ್ ಹಾಕ್ಬ್ಯಾಡ, ದನ ಬೆಚ್ಚತ್ತ್."